ಮೀಟರ್ ಕಡಿಮೆ, ವಯಸ್ಸು ಜಾಸ್ತಿ: ಕಡಿಮೆ ಓಡಿದ ಹಳೇ ಕಾರು ಕೊಳ್ಳುವಾಗ ಏನೇನು ನೋಡಬೇಕು?

ಹದಿಮೂರು ವರ್ಷದ ಕಾರು, ಮೀಟರ್‌ನಲ್ಲಿ ಬರೀ 26 ಸಾವಿರ ಕಿಲೋಮೀಟರ್. ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. "ಶೆಡ್ಡಿನಿಂದ ಹೊರಗೇ ತೆಗೆದಿಲ್ಲ ಸಾರ್" ಎಂದರು ಮಾರುವವರು. ಆಗ ನನಗೆ ಅದು ಗಾಡಿಯ ಹೊಗಳಿಕೆಯ ಹಾಗೆ ಕೇಳಿಸಿತು. ಕೊಂಡ ಮೂರು ತಿಂಗಳಲ್ಲಿ ನಾಲ್ಕು ಟೈರು, ಬ್ಯಾಟರಿ, ಹಿಂದಿನ ಎರಡೂ ಬ್ರೇಕು, ಎ.ಸಿ. ಗ್ಯಾಸು, ಕೊನೆಗೆ ಎಂಜಿನ್ನಿನ ಒಂದು ಆಯಿಲ್ ಸೀಲು, ಎಲ್ಲಕ್ಕೂ ದುಡ್ಡು ಸುರಿದೆ. ಅವರು ಸುಳ್ಳೇನೂ ಹೇಳಿರಲಿಲ್ಲ. ಗಾಡಿಗೆ ಏನಾಗಿದೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು, ನನಗೆ ಅರ್ಥವಾಗಲಿಲ್ಲ ಅಷ್ಟೇ.

ಹಾಗಂತ ಇಂಥ ಗಾಡಿ ಕೊಳ್ಳಬೇಡಿ ಎನ್ನುತ್ತಿಲ್ಲ. ನೋಡಿ ಕೊಂಡರೆ ಇಂಥವುಗಳಲ್ಲೇ ಒಳ್ಳೊಳ್ಳೆಯವು ಸಿಗುತ್ತವೆ. ಆದರೆ ನೋಡುವ ಕ್ರಮ ಬೇರೆ. ಜಾಸ್ತಿ ಓಡಿದ ಗಾಡಿಯಲ್ಲಿ ಸವೆದದ್ದನ್ನು ಹುಡುಕುತ್ತೇವೆ. ಕಡಿಮೆ ಓಡಿದ ಹಳೇ ಗಾಡಿಯಲ್ಲಿ ಒಣಗಿದ್ದು, ಅಂಟಿಕೊಂಡಿದ್ದು, ತುಕ್ಕು ಹಿಡಿದಿದ್ದು, ಕೊಳೆತಿದ್ದನ್ನು ಹುಡುಕಬೇಕು.

ಮೊದಲು ಒಂದು ಕಳೆಯುವ ಲೆಕ್ಕ

13 ವರ್ಷಕ್ಕೆ 26 ಸಾವಿರ ಅಂದರೆ ವರ್ಷಕ್ಕೆ 2 ಸಾವಿರ. ದಿನಕ್ಕೆ ಹೆಚ್ಚು ಕಡಿಮೆ ಐದೂವರೆ ಕಿಲೋಮೀಟರ್ ಬಿತ್ತು. ಆದರೆ ಯಾವ ಗಾಡಿಯೂ ಸರಾಸರಿ ಲೆಕ್ಕದಲ್ಲಿ ಓಡುವುದಿಲ್ಲ. ಅದೇ 26 ಸಾವಿರ ಮೂರು ಬೇರೆ ಬೇರೆ ರೀತಿಯಲ್ಲಿ ಬಂದಿರಬಹುದು.

ಒಂದು, ದಿನಾ ಅಂಗಡಿಗೋ ಸ್ಕೂಲಿಗೋ ಎರಡು ಮೂರು ಕಿಲೋಮೀಟರ್ ಹೋಗಿ ಬಂದ ಗಾಡಿ. ಎರಡು, ತಿಂಗಳಿಗೊಮ್ಮೆ ನೂರೈವತ್ತು ಕಿಲೋಮೀಟರ್ ದೂರದ ಪ್ರಯಾಣ ಮಾಡಿ ಉಳಿದ ದಿನ ನಿಂತ ಗಾಡಿ. ಮೂರು, ಮೊದಲ ಮೂರು ವರ್ಷ ಚೆನ್ನಾಗಿ ಓಡಿ, ಆಮೇಲೆ ಮಾಲೀಕರಿಗೆ ಓಡಿಸಲಾಗದೆ ಹತ್ತು ವರ್ಷ ಮೂಲೆಯಲ್ಲಿ ನಿಂತ ಗಾಡಿ.

ನನ್ನನ್ನು ಕೇಳಿದರೆ ಎರಡನೆಯದಕ್ಕೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಮೊದಲನೆಯದರಲ್ಲಿ ಎಂಜಿನ್ ಮತ್ತು ಸೈಲೆನ್ಸರ್ ಬಗ್ಗೆ ಅನುಮಾನ ಇಟ್ಟುಕೊಳ್ಳಿ. ಮೂರನೆಯದರಲ್ಲಿ ರಬ್ಬರ್, ಬ್ರೇಕ್, ಪೆಟ್ರೋಲ್ ಟ್ಯಾಂಕ್ ಬಗ್ಗೆ.

ಯಾವುದು ಅಂತ ತಿಳಿಯುವುದು ಹೇಗೆ? ಸರ್ವೀಸ್ ಬಿಲ್ಲುಗಳು, ಟೈರ್ ಕೊಂಡ ರಸೀದಿ, ಹೀಗೆ ತಾರೀಕು ಮತ್ತು ಮೀಟರ್ ಓದು ಎರಡೂ ಇರುವ ಕಾಗದಗಳನ್ನೆಲ್ಲ ಕೇಳಿ. ಒಂದು ಹಾಳೆಯ ಮೇಲೆ ಎಡಕ್ಕೆ ವರ್ಷ, ಬಲಕ್ಕೆ ಕಿಲೋಮೀಟರ್ ಬರೆಯುತ್ತಾ ಹೋಗಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ನಾನು ಕೊಂಡ ಗಾಡಿಯ ಬಿಲ್ಲುಗಳನ್ನು ಆಮೇಲೆ ಹೀಗೆ ಜೋಡಿಸಿದೆ: ಮೊದಲ ಮೂರು ವರ್ಷಕ್ಕೆ 21 ಸಾವಿರ, ಮುಂದಿನ ಆರು ವರ್ಷಕ್ಕೆ 4,600, ಕೊನೆಯ ನಾಲ್ಕು ವರ್ಷಕ್ಕೆ ನಾನೂರು. ಈ ಹಾಳೆ ಕೊಳ್ಳುವ ಮುಂಚೆ ಕೈಯಲ್ಲಿದ್ದಿದ್ದರೆ ಮಾತೇ ಬೇರೆಯಾಗುತ್ತಿತ್ತು.

ಬಿಲ್ಲುಗಳ ನಡುವಿನ ಅಂತರವನ್ನೂ ನೋಡಿ. "ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಆಯಿಲ್ ಯಾಕೆ ಬದಲಿಸಬೇಕು" ಅಂತ ಮೂರು ನಾಲ್ಕು ವರ್ಷ ಸರ್ವೀಸ್ ಬಿಟ್ಟವರು ತುಂಬಾ ಜನ. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಿದ ಮನೆಯ ಗಾಡಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಫೋನಿನಲ್ಲೇ ಕೇಳಬೇಕಾದದ್ದು

ಕೊನೆಯ ಸಲ ಐವತ್ತು ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸಿದ್ದು ಯಾವಾಗ? ಗಾಡಿ ನಿಲ್ಲುತ್ತಿದ್ದದ್ದು ಸೂರಿನಡಿಯೋ, ಬಯಲಲ್ಲೋ, ಹಸಿ ಮಣ್ಣಿನ ಮೇಲೋ? ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ್ದಾರಾ? ಟೈರ್ ಯಾವ ವರ್ಷದ್ದು? ಇಷ್ಟು ಸಾಕು. ಉತ್ತರ ಗೊತ್ತಿಲ್ಲ ಎಂದರೂ ಪರವಾಗಿಲ್ಲ, ತಡವರಿಸಿದರೆ ಗಮನದಲ್ಲಿಟ್ಟುಕೊಳ್ಳಿ.

ಕೊನೆಗೆ ಒಂದು ಮಾತು ಖಂಡಿತ ಹೇಳಿ: "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ, ತೊಳೆಯಲೂಬೇಡಿ." ತಣ್ಣಗಿರುವ ಎಂಜಿನ್ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಹೇಳುವ ಸಂಗತಿಗಳನ್ನು ಬಿಸಿಯಾದ ಎಂಜಿನ್ ಮುಚ್ಚಿಡುತ್ತದೆ. ಅಲ್ಲಿ ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ, ಇನ್ನೊಂದು ದಿನ ಬರುತ್ತೇನೆ ಎನ್ನಿ. ತೊಳೆಯದ ಗಾಡಿಯ ಧೂಳೂ ಉಪಯೋಗಕ್ಕೆ ಬರುತ್ತದೆ. ಎಣ್ಣೆ ಜಿನುಗುವ ಜಾಗದಲ್ಲಿ ಧೂಳು ಅಂಟಿ ಕಪ್ಪಗೆ ಕಾಣುತ್ತದೆ, ನೀರು ಹೊಡೆದರೆ ಆ ಗುರುತೇ ಹೋಗುತ್ತದೆ.

ಬೆಳಕಿರುವಾಗ ಹೋಗಿ. ಒಂದು ಟಾರ್ಚ್, ಬಟ್ಟೆ ತುಂಡು, ಕೆಳಗೆ ಹಾಸಲು ರಟ್ಟು, ಒಂದು ಪುಟ್ಟ ಕನ್ನಡಿ, ಸಾಧ್ಯವಾದರೆ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಮತ್ತು ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳನ್ನು ಓದುವ, ಕಡಿಮೆ ಬೆಲೆಯ ಓಬಿಡಿ ರೀಡರ್ ಜೊತೆಗಿರಲಿ.

ಮೀಟರ್ ನಿಜ ಹೇಳುತ್ತಿದೆಯಾ?

ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸುವುದು ಹಳೇ ಮುಳ್ಳಿನ ಮೀಟರ್ ತಿರುಗಿಸಿದ್ದಕ್ಕಿಂತ ಸುಲಭ. ಹಾಗಾಗಿ ಅಂಕಿ ಬಿಟ್ಟು ಕಾಲು, ಕೈ, ಸೊಂಟ ತಾಗುವ ಜಾಗಗಳನ್ನು ನೋಡಿ. ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್ ಗೀರುಗಳು ಮಾಸಿರಬಾರದು. ಸ್ಟೇರಿಂಗ್ ಮೇಲ್ಭಾಗ ಕೈ ಉಜ್ಜಿ ಹೊಳೆಯುತ್ತಿರಬಾರದು. ಡ್ರೈವರ್ ಸೀಟಿನ ಹೊರ ಅಂಚು, ಅಂದರೆ ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗ, ಕುಸಿದಿರಬಾರದು. 25 ಸಾವಿರದ ಗಾಡಿಯಲ್ಲಿ ಇವು ಸವೆದಿದ್ದರೆ ಅಂಕಿ ಸುಳ್ಳು. ಹಳೇ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಅನುಮಾನ ಪಡಿ. ಸುಮ್ನೆ ಯಾರೂ ಅದನ್ನು ಬದಲಿಸುವುದಿಲ್ಲ, ಅಲ್ವಾ?

ಓಬಿಡಿ ರೀಡರ್ ಇದ್ದರೆ ಇನ್ನೊಂದು ದಾರಿಯುಂಟು. ಎಷ್ಟೋ ಗಾಡಿಗಳಲ್ಲಿ ಓಡಿದ ದೂರ ಮೀಟರ್ ಒಂದರಲ್ಲೇ ಅಲ್ಲ, ಬೇರೆ ಕಂಪ್ಯೂಟರ್‌ಗಳಲ್ಲೂ ಉಳಿದಿರುತ್ತದೆ. ಕಂಪನಿಯ ಸ್ಕ್ಯಾನರ್ ಇರುವ ವರ್ಕ್‌ಶಾಪ್‌ನಲ್ಲಿ ಹೋಲಿಸಿ ನೋಡಬಹುದು. ಸಾಮಾನ್ಯ ರೀಡರ್‌ನಲ್ಲಿ ಕೂಡ "ಫಾಲ್ಟ್ ಕೋಡ್ ಅಳಿಸಿದ ಮೇಲೆ ಓಡಿದ ದೂರ" ಅಂತ ಒಂದು ಸಾಲು ಸಿಗುತ್ತದೆ. ಅದು ಮೂರು ಕಿಲೋಮೀಟರ್ ತೋರಿಸಿದರೆ ನೀವು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ ಅಂತಲೇ ಲೆಕ್ಕ. ಬ್ಯಾಟರಿ ಬಿಚ್ಚಿ ಹಾಕಿದರೂ ಕೆಲವು ಗಾಡಿಗಳಲ್ಲಿ ಹೀಗಾಗುತ್ತದೆ, ಅದಕ್ಕೆ ಜಗಳಕ್ಕೆ ಇಳಿಯುವ ಮುಂಚೆ ಕೇಳಿ ನೋಡಿ.

ಟೈರು: ಒಂದೇ ಸಾಕ್ಷಿ, ಎರಡು ತೀರ್ಪು

ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ಸಣ್ಣ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತವೆ. 2214 ಅಂತ ಇದ್ದರೆ 2014ರ 22ನೇ ವಾರ ತಯಾರಾದದ್ದು. ಈ ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಬದಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಚಕ್ರದ ಒಳಬದಿಗೆ ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ನೋಡಬೇಕು. ಐದೂ ಟೈರು ನೋಡಿ, ಸ್ಟೆಪ್ನಿ ಬಿಡಬೇಡಿ.

ಟೈರಿನ ವರ್ಷ ಗಾಡಿಯ ವರ್ಷವೇ ಆಗಿದ್ದು, ಗುಂಡಿಗಳ (ನೆಲ ತಾಗುವ ಮೈಯಲ್ಲಿ ಕೊರೆದ ಗೀರುಗಳ) ಆಳ ಇನ್ನೂ ಚೆನ್ನಾಗಿದ್ದರೆ ಮೀಟರ್ ಬಹುಪಾಲು ನಿಜ. ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ, "ನೋಡಿ, ಕಂಪನಿ ಟೈರೇ ಇನ್ನೂ ಇದೆ." ಸರಿ. ಆದರೆ ಅದೇ ಟೈರನ್ನು ನೀವು ಹೆದ್ದಾರಿಯಲ್ಲಿ ನಂಬುವಂತಿಲ್ಲ. ಐದು ವರ್ಷ ದಾಟಿದ ಟೈರನ್ನು ವರ್ಷ ವರ್ಷ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದರೆ ಗುಂಡಿ ಎಷ್ಟೇ ಇರಲಿ ತೆಗೆದುಬಿಡಬೇಕು ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಹೆಬ್ಬೆರಳಿನಿಂದ ಪಕ್ಕದ ಗೋಡೆ ಒತ್ತಿ ನೋಡಿ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಲೆಯ ಹಾಗೆ ಬಾಯಿ ಬಿಡುತ್ತವೆ. ಗುಂಡಿಗಳ ತಳದಲ್ಲೂ ಇಣುಕಿ, ಅಲ್ಲಿನ ಬಿರುಕು ಇನ್ನೂ ಅಪಾಯ. ಹೀಗಿದ್ದರೆ ನಾಲ್ಕು ಟೈರಿನ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಯೋಚಿಸಿ. ಬರುವಾಗ ನಿಧಾನಕ್ಕೆ ಓಡಿಸಿಕೊಂಡು ನೇರ ಟೈರ್ ಅಂಗಡಿಗೆ ಹೋಗಿ.

ಇನ್ನು 20 ಸಾವಿರದ ಗಾಡಿಯಲ್ಲಿ ಎರಡನೇ ಸೆಟ್ ಟೈರೂ ಸವೆದು ಮೂರನೆಯದು ಬಂದಿದ್ದರೆ, ಕಿಲೋಮೀಟರ್ ಲೆಕ್ಕ ಮತ್ತೊಮ್ಮೆ ಕೇಳಿ.

ಕೆಳಗೆ ಮಲಗಿ ನೋಡದೆ ದುಡ್ಡು ಕೊಡಬೇಡಿ

ನಾನು ಮಾಡಿದ ದೊಡ್ಡ ತಪ್ಪು ಇದು. ಶರ್ಟ್ ಕೊಳೆಯಾಗುತ್ತದೆ ಅಂತ ಬಗ್ಗಲಿಲ್ಲ.

ರಟ್ಟು ಹಾಸಿ ಮಲಗಿ. ಎಣ್ಣೆ, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಹನಿ ನೆಲದ ಮೇಲೆ ಬಿದ್ದಿದೆಯಾ ಮೊದಲು ನೋಡಿ. ಆಮೇಲೆ ಸೈಲೆನ್ಸರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್‌ನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಪೈಪ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿ ನಿಂತರೆ ತಣ್ಣನೆಯ ಸೈಲೆನ್ಸರ್ ಒಳಗೇ ನೀರಾಗಿ ಕೂರುತ್ತದೆ, ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಚೆನ್ನಾಗಿ ಕಾಣುವ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಒಳಗೆ ಪುಡಿ ತುಕ್ಕು ಜಲಜಲ ಅಂದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ತಣ್ಣಗಿರುವಾಗಲೇ ಇದನ್ನು ಮಾಡಿ, ಕೈ ಸುಟ್ಟುಕೊಳ್ಳಬೇಡಿ. ಗಾಡಿಯನ್ನು ಬರೀ ಜಾಕ್ ಮೇಲೆ ಎತ್ತಿ ಅದರ ಕೆಳಗೆ ಮಾತ್ರ ಯಾವತ್ತೂ ಹೋಗಬೇಡಿ.

ಮುಂದಿನ ಚಕ್ರಗಳ ಒಳಬದಿಯಲ್ಲಿ ಆಕ್ಸಲ್ ಮೇಲೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇದೆ. ಮಡಿಕೆಯ ಸಂದಿನಲ್ಲಿ ಬಿರುಕು ಬಿಟ್ಟಿದ್ದರೆ ಗ್ರೀಸ್ ಸುತ್ತ ಚಿಮ್ಮಿರುತ್ತದೆ. ಬೂಟ್ ಅಷ್ಟು ದುಬಾರಿಯಲ್ಲ, ಹರಿದ ಬೂಟ್‌ನೊಳಗೆ ಮಣ್ಣು ಹೋಗಿ ಜಾಯಿಂಟ್ ಕೆಟ್ಟರೆ ದುಬಾರಿ. ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್‌ಗಳು, ಎಂಜಿನ್ ಕೂರುವ ರಬ್ಬರ್ ಮೌಂಟ್, ಬ್ರೇಕಿನ ರಬ್ಬರ್ ಹೋಸು, ಎಲ್ಲವೂ ಕಿಲೋಮೀಟರ್ ನೋಡಿಕೊಂಡು ಮುದಿಯಾಗುವುದಿಲ್ಲ. ಬಿಸಿಲು, ಗಾಳಿ, ವರ್ಷ ಇಷ್ಟೇ ಅವಕ್ಕೆ ಲೆಕ್ಕ.

ತುಕ್ಕಿನ ವಿಷಯಕ್ಕೆ ಬಂದರೆ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನಿನ ಒಳಗೆ, ಜಾಕ್ ಕೊಡುವ ಜಾಗ, ಬ್ರೇಕಿನ ಲೋಹದ ಪೈಪ್, ಸಸ್ಪೆನ್ಷನ್ ಬೋಲ್ಟ್ ಹಾಕುವ ಜಾಗ ಇವನ್ನು ನೋಡಿ. ಮೇಲಷ್ಟೇ ಕಂದು ಬಣ್ಣ ಇದ್ದರೆ ಉಜ್ಜಿ ಬಣ್ಣ ಬಳಿಯಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಟಣ್ ಅನ್ನಬೇಕಾದ ಕಡೆ ಮೆತ್ತಗೆ ಸದ್ದು ಬಂದರೆ, ಹಾಳೆ ಹಾಳೆಯಾಗಿ ಎದ್ದರೆ, ಅದು ಬೇರೆ ವಿಷಯ. ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದ ಹಳೇ ಗಾಡಿ ನನಗೆ ಇಷ್ಟವಾಗುವುದಿಲ್ಲ. ತುಕ್ಕು ತೆಗೆದು ಬಳಿದರೋ, ಮುಚ್ಚಲು ಬಳಿದರೋ ಹೇಗೆ ಹೇಳುವುದು?

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿದೆಯಾ ನೋಡಿ. ಮರದಡಿ ನಿಂತ ಗಾಡಿಗಳಲ್ಲಿ ಇದು ಮಾಮೂಲಿ. ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿಯುತ್ತದೆ. ಕಾಲಡಿಯ ಮ್ಯಾಟ್ ಎತ್ತಿ, ಕಾರ್ಪೆಟ್ ಒತ್ತಿ. ಹಸಿಯಿದೆಯಾ? ಸ್ಟೆಪ್ನಿ ಎತ್ತಿ, ಅದರ ಕೆಳಗೆ ನೀರು ನಿಂತ ಗೆರೆ ಇದೆಯಾ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೊನೆಯ ಒಂದು ಗೇಣು ಕೆಸರು ಬಣ್ಣಕ್ಕೆ ತಿರುಗಿದ್ದರೆ ಗಾಡಿ ನೀರಿನಲ್ಲಿ ಮುಳುಗಿದ್ದಿರಬಹುದು. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ಬಾನೆಟ್ ತೆಗೆದ ಮೇಲೆ

ಮೊದಲು ಮೂಗು, ಆಮೇಲೆ ಕಣ್ಣು. ಪೆಟ್ರೋಲ್ ವಾಸನೆ ಬಂದರೆ ಹೋಸು ಬಿರುಕು ಬಿಟ್ಟಿದೆ, ಅದು ಬೆಂಕಿಯ ಅಪಾಯ. ಇಲಿಯ ವಾಸನೆ ಬಂದರೆ ಮೂಲೆ ಮೂಲೆ ಹುಡುಕಿ. ನಿಂತ ಗಾಡಿ ಇಲಿಗೆ ಬಾಡಿಗೆಯಿಲ್ಲದ ಮನೆ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಹುಲ್ಲು, ಹತ್ತಿ, ಕಾಗದ ಸಿಗಬಹುದು. ಕಡಿದ ವೈರ್‌ಗೆ ಟೇಪ್ ಸುತ್ತಿದ್ದು ಕಂಡರೆ, ಕಾಣದೆ ಇರುವ ಕಡೆ ಇನ್ನೆಷ್ಟು ಕಡಿದಿದೆಯೋ ಎಂದು ಯೋಚಿಸಿ.

ಎಂಜಿನ್ ತಣ್ಣಗಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ತಿರುಗಿಸಿ ನೋಡಿ. ಒಳಬದಿಗೆ ಹಳದಿ ಮಿಶ್ರಿತ ಬಿಳಿ ಕೆನೆ ಮೆತ್ತಿಕೊಂಡಿದ್ದರೆ ಆಯಿಲ್‌ಗೆ ನೀರು ಬೆರೆತಿದೆ. ಇಲ್ಲಿ ಗಾಬರಿಯಾಗುವ ಮುಂಚೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್‌ನ ಆಯಿಲ್ ಸ್ವಚ್ಛವಾಗಿದ್ದರೆ ಸಾಮಾನ್ಯವಾಗಿ ಅದು ಬರೀ ಸಣ್ಣ ಓಟದ ಗುರುತು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಆಯಿಲ್ ಪೂರ್ತಿ ಕಾಯಲು ಇನ್ನೂ ಸಾಕಷ್ಟು ದೂರ ಓಡಬೇಕು. ಅಷ್ಟರೊಳಗೆ ನಿಲ್ಲಿಸಿದರೆ ತೇವ ಒಳಗೇ ಉಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಕೆನೆ ಬಂದು, ಕೂಲೆಂಟ್ ಕೂಡ ಕಡಿಮೆಯಾಗಿದ್ದರೆ ಎಂಜಿನ್ನಿನ ಆಯಿಲ್ ಮತ್ತು ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ. ಆಗ ಕೈಮುಗಿದು ವಾಪಸ್ ಬನ್ನಿ.

ಕೂಲೆಂಟ್ ಬಣ್ಣದ ನೀರಿನ ಹಾಗೆ ತಿಳಿಯಾಗಿರಬೇಕು. ಕಂದು ಅಥವಾ ಕೆಸರು ಕಂಡರೆ ತುಕ್ಕು ತಡೆಯುವ ರಾಸಾಯನಿಕ ಮುಗಿದು ಒಳಗೆಲ್ಲ ತುಕ್ಕು ಶುರುವಾಗಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಹೋಸುಗಳನ್ನು ಹಿಸುಕಿ ನೋಡಿ. ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೂ, ಕೊಳೆತ ಹಣ್ಣಿನ ಹಾಗೆ ಮೆತ್ತಗಿದ್ದರೂ ಬದಲಿಸಬೇಕು.

ಬ್ರೇಕ್ ಆಯಿಲ್ ವಿಷಯ ಜನ ಮರೆಯುವುದೇ ಜಾಸ್ತಿ. ಅದು ಗಾಳಿಯ ತೇವ ಹೀರುತ್ತದೆ, ಗಾಡಿ ನಿಂತಿದ್ದರೂ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಸ್ಥಿತಿಗೆ ಅದೇ ನಿಯಮ ಒಪ್ಪುವ ಅಂಕಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದ್ದರೆ ಪೆಡಲ್ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಎಷ್ಟು ಓಡಿದೆ ಅಂತ ನೋಡದೆ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸುವ ವಾಡಿಕೆ. ಡಬ್ಬಿಯೊಳಗೆ ಕಪ್ಪು ಚಹಾದ ಬಣ್ಣ ಕಂಡರೆ ಎಷ್ಟೋ ವರ್ಷ ಯಾರೂ ಮುಟ್ಟಿಲ್ಲ.

ಇನ್ನು ಟೈಮಿಂಗ್ ಬೆಲ್ಟ್. ಈ ಇಡೀ ಬರಹದಲ್ಲಿ ಒಂದೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಗಾಡಿಯ ಎಂಜಿನ್‌ನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಮೊದಲು ತಿಳಿದುಕೊಳ್ಳಿ. ಬೆಲ್ಟ್ ಇದ್ದರೆ ಗಾಡಿಯ ಪುಸ್ತಕ ತೆಗೆದು ನೋಡಿ. ಅದರಲ್ಲಿ ಇಷ್ಟು ಕಿಲೋಮೀಟರ್ "ಅಥವಾ" ಇಷ್ಟು ವರ್ಷ, ಯಾವುದು ಮೊದಲೋ ಅದು, ಅಂತ ಬರೆದಿರುತ್ತದೆ. "ಲಕ್ಷ ಕಿಲೋಮೀಟರ್‌ಗೆ ಬದಲಿಸಬೇಕು, ಇದಿನ್ನೂ 26 ಸಾವಿರ" ಎನ್ನುವವರು ಆ "ಅಥವಾ" ಓದಿರುವುದಿಲ್ಲ. ಬೆಲ್ಟ್ ರಬ್ಬರಿನದ್ದು. ಹತ್ತು ಹನ್ನೆರಡು ವರ್ಷದ ಬೆಲ್ಟ್ ಓಡುತ್ತಾ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ಆಮೇಲೆ ರಿಪೇರಿಗಿಂತ ಬೇರೆ ಎಂಜಿನ್ ಹುಡುಕುವುದೇ ಸಲೀಸು. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು ಬೆಲೆ ಮಾತಾಡಿ. ವಾಟರ್ ಪಂಪ್ ಅದರ ಪಕ್ಕದಲ್ಲೇ ಇದ್ದು ಅದೇ ಬೆಲ್ಟಿನಿಂದ ತಿರುಗುತ್ತಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಗಾಡಿ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್. ಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರಬೇಕು. ಬ್ಯಾಟರಿ ಹಳೆಯದಾದರೆ ಬೇಸರ ಬೇಡ, ಅದು ಸಣ್ಣ ಖರ್ಚು.

ಮೊದಲ ಸ್ಟಾರ್ಟ್

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಆಯಿಲ್, ಬ್ಯಾಟರಿ ದೀಪಗಳೆಲ್ಲ ಹೊತ್ತಿಕೊಳ್ಳಬೇಕು. ಯಾವುದಾದರೂ ಹೊತ್ತಿಕೊಳ್ಳಲೇ ಇಲ್ಲವೆಂದರೆ ದೋಷ ಮುಚ್ಚಿಡಲು ಬಲ್ಬ್ ಕಿತ್ತಿರಬಹುದು. ಆಮೇಲೆ ಸ್ಟಾರ್ಟ್ ಮಾಡಿ, ಎಲ್ಲವೂ ಆರಬೇಕು.

ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಿಸಿ. ತಣ್ಣನೆಯ ಬೆಳಿಗ್ಗೆ ತೆಳು ಬಿಳಿ ಆವಿ ಬಂದು ಮಾಯವಾದರೆ ಅದು ನೀರು, ಚಿಂತೆಯಿಲ್ಲ. ಮೊದಲ ಕ್ಷಣ ನೀಲಿ ಹೊಗೆ ಬುಸ್ ಅಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿ ರಾತ್ರಿಯೆಲ್ಲ ಆಯಿಲ್ ಇಳಿದಿದೆ. ಕಡಿಮೆ ಓಡಿದ ಹಳೇ ಎಂಜಿನ್‌ಗಳಲ್ಲಿ ಕಾಣುವ ರೋಗ ಇದು. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಉರಿಯುತ್ತಿದೆ, ಬೇಡ. ಒಂದೆರಡು ಸೆಕೆಂಡ್ ಟಕಟಕ ಅಂದು ನಿಲ್ಲುವ ಸದ್ದನ್ನು ಕ್ಷಮಿಸಬಹುದು, ನಿಲ್ಲದ ಟಕಟಕವನ್ನು ಅಲ್ಲ.

ಎಂಜಿನ್ ಅಲುಗಾಡುತ್ತಾ, ತಡವರಿಸುತ್ತಾ ತಿರುಗಿದರೆ ಹಳಸಿದ ಪೆಟ್ರೋಲ್ ಇರಬಹುದು. ಪೆಟ್ರೋಲ್ ಕೆಲವೇ ತಿಂಗಳಲ್ಲಿ ಕೆಡಲು ಶುರುವಾಗಿ ಅಂಟಾಗಿ, ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನಲ್ಲಿ ಕೂರುತ್ತದೆ. ಎಥೆನಾಲ್ ಬೆರೆತದ್ದಾದರೆ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳ ತೆಗೆದು ಮೂಸಿ. ಹಳೇ ವಾರ್ನಿಷ್ ಡಬ್ಬಿ ತೆರೆದ ಹಾಗೆ ವಾಸನೆ ಬಂದರೆ ಟ್ಯಾಂಕ್ ಖಾಲಿ ಮಾಡಿ ತೊಳೆಸುವ ಕೆಲಸ ಕಾದಿದೆ.

ಡೀಸೆಲ್ ಗಾಡಿಗೆ ಒಂದು ಮಾತು ಸೇರಿಸುತ್ತೇನೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಡೀಸೆಲ್ ಕಾರು ಬರೀ ಊರೊಳಗೆ ಎರಡೆರಡು ಕಿಲೋಮೀಟರ್ ಓಡಿದ್ದರೆ ನಾನು ಮುಟ್ಟುವುದಿಲ್ಲ. ಆ ಮಸಿ ಉರಿದುಹೋಗಲು ಹೆದ್ದಾರಿಯ ವೇಗದಲ್ಲಿ ಬಿಸಿಯಾಗಿ ಓಡಬೇಕು. ಓಡದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ.

ಓಡಿಸಿ ನೋಡುವಾಗ

ಕನಿಷ್ಠ ಅರ್ಧ ಗಂಟೆ ಕೇಳಿ. ಬೀದಿ ಸುತ್ತಿ ಬರುವುದರಿಂದ ಏನೂ ತಿಳಿಯುವುದಿಲ್ಲ.

ಹೊರಡುವ ಮುಂಚೆ ಹ್ಯಾಂಡ್ ಬ್ರೇಕ್ ಬಿಟ್ಟು, ಸಮತಟ್ಟಾದ ನೆಲದಲ್ಲಿ ಗಾಡಿ ಸಲೀಸಾಗಿ ಉರುಳುತ್ತದಾ ನೋಡಿ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟ ಗಾಡಿಯ ಹಿಂದಿನ ಬ್ರೇಕ್ ಅಂಟಿಕೊಂಡಿರುತ್ತದೆ. ಟಕ್ ಅಂತ ಸದ್ದು ಬಂದು ಬಿಡುಗಡೆಯಾಗುವುದು ನನಗೆ ಆಗ ತಮಾಷೆಯಾಗಿ ಕೇಳಿಸಿತ್ತು.

ಚಕ್ರದ ಕಡ್ಡಿಗಳ ನಡುವಿನಿಂದ ಬ್ರೇಕ್ ಡಿಸ್ಕ್ ನೋಡಿ. ಒಂದೆರಡು ದಿನ ನಿಂತ ಗಾಡಿಯಲ್ಲಿ ಕಿತ್ತಳೆ ಬಣ್ಣದ ತೆಳು ತುಕ್ಕು ಇರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಓಡಿಸಿ ಬಂದ ಮೇಲೂ ಡಿಸ್ಕ್ ಮೇಲೆ ಪ್ಯಾಡಿನ ಆಕಾರದ ಕಪ್ಪು ಕಲೆ, ಉಗುರಿಗೆ ಸಿಗುವ ಗುಳಿಗಳು ಉಳಿದಿದ್ದರೆ ಡಿಸ್ಕ್ ಬದಲಿಸಬೇಕು. ಬಿಸಿ ಆರಿದ ಮೇಲೆ ಮುಟ್ಟಿ. ಬ್ರೇಕ್ ಹಿಡಿದಾಗ ಗಾಡಿ ಒಂದು ಬದಿಗೆ ಎಳೆದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿರಬಹುದು. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ಯಿರಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅದೇ ಕಳ್ಳ.

ಮೊದಲ ಕೆಲವು ಕಿಲೋಮೀಟರ್ ಸ್ಟೇರಿಂಗ್ ನಡುಗಿ, ಆಮೇಲೆ ಸರಿಹೋದರೆ ಟೈರ್ ನಿಂತಲ್ಲೇ ಚಪ್ಪಟೆಯಾಗಿತ್ತು ಎಂದು ಅರ್ಥ. ಸರಿಹೋಗದಿದ್ದರೆ ಟೈರ್ ಮುಗಿದಿದೆ. ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗ್‌ನದ್ದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತುವಾಗ ಕಟಕಟ ಅಂದರೆ ಆ ಹರಿದ ಬೂಟಿನ ಕತೆ. ರಸ್ತೆಯ ಗುಂಡಿಗೆ ಇಳಿಸಿ ಹತ್ತಿಸಿ, ಕಿರ್‌ಕಿರ್ ಎಂದರೆ ಬುಷ್. ಆಟೋಮ್ಯಾಟಿಕ್ ಆದರೆ ಡ್ರೈವ್‌ಗೆ ಹಾಕಿದಾಗ ಗಾಡಿ ತಕ್ಷಣ ಹಿಡಿಯಬೇಕು. ತುಂಬಾ ದಿನ ನಿಂತಿದ್ದರೆ ಮೊದಲ ಸಲ ಕೊಂಚ ತಡವಾಗಬಹುದು, ಎರಡನೇ ಸಲವೂ ತಡವಾದರೆ ಅನುಮಾನ.

ಎ.ಸಿ. ಹಾಕಿ, ಪೂರ್ತಿ ಓಡಾಟ ಹಾಗೇ ಇರಲಿ. ಕಂಪ್ರೆಸರ್ ತಿರುಗದೆ ನಿಂತರೆ ಅದರ ಸೀಲ್ ಒಣಗಿ ಗ್ಯಾಸ್ ಹೋಗುತ್ತದೆ. "ಗ್ಯಾಸ್ ತುಂಬಿಸಿದರೆ ಸಾಕು" ಅನ್ನುವ ಮಾತನ್ನು ನಾನಂತೂ ಇನ್ನು ನಂಬುವುದಿಲ್ಲ. ಅಷ್ಟು ಸಲೀಸಾಗಿದ್ದರೆ ಅವರೇ ತುಂಬಿಸಿ ಮಾರುತ್ತಿದ್ದರು.

ಪವರ್ ವಿಂಡೋ, ಸೆಂಟ್ರಲ್ ಲಾಕ್, ವೈಪರ್, ಹಾರ್ನ್, ಎಲ್ಲ ದೀಪ, ಎರಡೂ ಕೀ, ಒಂದೊಂದೇ ಒತ್ತಿ ಮುಗಿಸಿ.

ಏರ್‌ಬ್ಯಾಗ್ ರೀಕಾಲ್

ಟಕಾಟಾ ಎಂಬ ಕಂಪನಿಯ ಏರ್‌ಬ್ಯಾಗ್‌ಗಳ ಕತೆ ನಿಮಗೆ ಗೊತ್ತಿರಬಹುದು. ಅವುಗಳ ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಕೆಟ್ಟು, ಅಪಘಾತವಾದಾಗ ಬ್ಯಾಗ್ ಉಬ್ಬಿಸುವ ಲೋಹದ ಡಬ್ಬಿಯೇ ಒಡೆದು ಚೂರು ಸಿಡಿಸುತ್ತಿತ್ತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ವಾಪಸ್ ಕರೆದರು. ಹಲವಾರು ಕಂಪನಿಗಳ ಗಾಡಿಗಳಲ್ಲಿ ಅವು ಇದ್ದವು. ಇಲ್ಲಿಯೂ ಕೆಡಿಸಿದ್ದು ವರ್ಷ, ಕಿಲೋಮೀಟರ್ ಅಲ್ಲ. ಸರ್ವೀಸ್‌ಗೇ ಹೋಗದ ಗಾಡಿಗೆ ಇಂಥ ರೀಕಾಲ್ ಕೆಲಸ ಆಗಿರುವುದೂ ಕಡಿಮೆ. ಚಾಸಿ ನಂಬರ್ ಬರೆದುಕೊಂಡು ಕಂಪನಿಯ ರೀಕಾಲ್ ಪಟ್ಟಿಯಲ್ಲಿ ಹಾಕಿ ನೋಡಿ. ಬಾಕಿ ಇದ್ದರೆ ಸಾಮಾನ್ಯವಾಗಿ ಬಿಟ್ಟಿಯಾಗಿ ಮಾಡಿಕೊಡುತ್ತಾರೆ. ಹಾಗೇ ಚಾಸಿ ನಂಬರ್, ಎಂಜಿನ್ ನಂಬರ್ ನೋಂದಣಿ ಕಾಗದಕ್ಕೆ ಹೊಂದುತ್ತದಾ ಅಂತಲೂ ಆಗಲೇ ನೋಡಿಬಿಡಿ.

ಬೆಲೆಯ ಮಾತು

ಇಷ್ಟಾದ ಮೇಲೆ ನಿಮಗೆ ನಂಬಿಕೆಯಿರುವ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಲಿಫ್ಟ್ ಮೇಲೆ ಎತ್ತಿ ತೋರಿಸಿ. ಮಾರುವವರು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಕಡಿಮೆ ಮೀಟರ್‌ಗೆ ಜಾಸ್ತಿ ದುಡ್ಡು ಕೇಳುವುದು ವಾಡಿಕೆ. ಕೇಳಲಿ. ನಿಮ್ಮ ಹಾಳೆಯಲ್ಲಿ ಟೈರು, ಬೆಲ್ಟು, ಎಲ್ಲ ಆಯಿಲು, ಕೂಲೆಂಟ್, ಬ್ಯಾಟರಿ, ಹೋಸುಗಳು ಅಂತ ಒಂದರ ಕೆಳಗೆ ಒಂದು ಬರೆದು ಮೊತ್ತ ಹಾಕಿ ಮುಂದಿಡಿ. ಬಾಯಲ್ಲಿ ಚೌಕಾಸಿ ಮಾಡಿದ್ದಕ್ಕಿಂತ ಈ ಹಾಳೆ ಚೆನ್ನಾಗಿ ಕೆಲಸ ಮಾಡುತ್ತದೆ. ಇವೆಲ್ಲ ಸರಿಪಡಿಸಬಹುದಾದವು. ಬುಡದಲ್ಲಿ ತಿಂದ ತುಕ್ಕು, ನೀರಲ್ಲಿ ಮುಳುಗಿದ ಗುರುತು, ಹೊಂದದ ಕಾಗದ, ತಿರುಗಿಸಿದ ಮೀಟರ್ ಇದ್ದರೆ ಚೌಕಾಸಿಗೇ ಇಳಿಯಬೇಡಿ.

ಕೊಂಡ ಮೊದಲ ತಿಂಗಳು

ಮೊದಲ ವಾರವೇ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ. ಬೆಲ್ಟ್ ಬಾಕಿ ಇದ್ದರೆ ದೂರದ ಊರಿಗೆ ಹೊರಡುವ ಮುಂಚೆ ಅದನ್ನೂ ಮುಗಿಸಿ. ಹೊಸ ಪೆಟ್ರೋಲ್ ಹಾಕಿ. ಆಮೇಲೆ ಗಾಡಿಯನ್ನು ಓಡಿಸಿ, ಆದರೆ ಮೊದಲ ದಿನವೇ ಮುನ್ನೂರು ಕಿಲೋಮೀಟರ್ ಬೇಡ. ಇಪ್ಪತ್ತು, ಐವತ್ತು, ನೂರು, ಹೀಗೆ ಏರಿಸುತ್ತಾ ಹೋಗಿ. ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ.

ಒಣಗಿದ ಸೀಲುಗಳು ನಿಂತಿದ್ದಾಗ ಸೋರದೆ, ಬಿಸಿಯಾಗಿ ತಣ್ಣಗಾಗಿ ನಾಲ್ಕು ಸಲ ಆದ ಮೇಲೆ ಸೋರಲು ಶುರುಮಾಡುವುದುಂಟು. ನನ್ನ ಗಾಡಿಯ ಆಯಿಲ್ ಸೀಲ್ ಹೋದದ್ದು ಹಾಗೆಯೇ. ಅದಕ್ಕೆ ಐನೂರು ಕಿಲೋಮೀಟರ್ ಆದ ದಿನ ರಾತ್ರಿ ಗಾಡಿಯ ಕೆಳಗೆ ಒಂದು ಬಿಳಿ ರಟ್ಟು ಹಾಸಿಟ್ಟು ಮಲಗಿ. ಬೆಳಿಗ್ಗೆ ಎದ್ದು ಹನಿ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು ಅಂತ ನೋಡಿ, ರಟ್ಟನ್ನು ಹಾಗೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.